ಏಕನಾಥಮ್ಮ ಮಾತು ಬಿಟ್ಟ ಹನ್ನೊಂದು ವರ್ಷ

ಐಮಂಗಲದ ಹತ್ತಿರದ ಒಂದು ಊರಿನಲ್ಲಿ ಏಕನಾಥಮ್ಮ ಮತ್ತು ಗುಡ್ಡಪ್ಪ ಎಂಬ ಗಂಡಹೆಂಡತಿ ಹನ್ನೊಂದು ವರ್ಷ ಒಂದೇ ಸೂರಿನಡಿ ಇದ್ದು, ಒಂದೇ ಒಲೆಯ ಮುದ್ದೆ ಉಂಡು, ಒಬ್ಬರಿಗೊಬ್ಬರು ಒಂದು ಮಾತೂ ಆಡದೆ ಬದುಕಿದರು. ನಂಬದವರು ನಂಬಬೇಡಿ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದವನು ಇವರ ಮನೆ ಕಡೆ ಬಂದಿರಲಿಲ್ಲ, ಅಷ್ಟೇ.

ಜಗಳ ಹುಟ್ಟಿದ್ದು ಮಗಳ ಓದಿನ ಮೇಲೆ. ಕಾವ್ಯಶ್ರೀ ಹತ್ತನೇ ಕ್ಲಾಸು ಪಾಸಾದಾಗ ಅವಳನ್ನು ಸಿರಿಗೆರೆಯ ಕಾಲೇಜಿಗೆ ಸೇರಿಸಬೇಕು ಎಂದು ತಾಯಿ ಹಟ ಹಿಡಿದಳು. ಹೆಣ್ಣುಮಗು ಕಣ್ಣೆದುರಿಗೇ ಇರಲಿ, ಓದಿದ್ದು ಸಾಕು ಎಂದು ತಂದೆ. "ಅವಳ್ನ ಕಳಿಸಿದ್ರೆ ನಂಜೊತೆ ಮಾತಾಡ್ಬ್ಯಾಡ" ಅಂದ ಗುಡ್ಡಪ್ಪ. "ಮಾತಾಡಿದ್ರೆ ಈ ಮಗಳಾಣೆ" ಎಂದು ಏಕನಾಥಮ್ಮ ಹುಡುಗಿಯ ನೆತ್ತಿಯ ಮೇಲೆ ಕೈಯಿಟ್ಟೇಬಿಟ್ಟಳು. ಅವನೇನು ಕಮ್ಮಿಯೇ? ರೊಪ್ಪದ ಕಡೆ ಕೈಮಾಡಿ ತನ್ನ ಕುರಿಗಳ ಮೇಲೆ ಆಣೆಯಿಟ್ಟ. ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಮಗಳು ಸಿರಿಗೆರೆಗೆ ಹೋದಳು, ಮನೆಯಲ್ಲಿ ಮಾತು ನಿಂತಿತು.

ಅವರ ಕಡೆ ಆಣೆಯೆಂದರೆ ಹುಡುಗಾಟವಲ್ಲ. ಬಿಡಿಸಿಕೊಳ್ಳಬೇಕಾದರೆ ಆಣೆಯಿಟ್ಟ ಇಬ್ಬರೂ ಮಾರಮ್ಮನ ಗುಡಿಗೆ ಹೋಗಬೇಕು, ಒಂದೇ ತಟ್ಟೆಯನ್ನು ಇಬ್ಬರೂ ಹಿಡಿದು ಹಣ್ಣುಕಾಯಿ ಒಪ್ಪಿಸಬೇಕು, ಪೂಜಾರಿಯ ಕೈಯಿಂದ ತೀರ್ಥ ತೆಗೆದುಕೊಳ್ಳಬೇಕು. ದಾರಿ ಇಷ್ಟು ಸಲೀಸು. ಊರವರೂ ನಡುವೆ ಬಂದು ಹೇಳಿದರು. ಅವನು ಕರೆದರೆ ಬರ್ತೀನಿ ಅಂದಳು ಇವಳು. ಅವಳು ಕರೆದರೆ ಬರ್ತೀನಿ ಅಂದ ಅವನು. ಊರವರಿಗೆ ಬೇರೆ ಕೆಲಸವಿರಲಿಲ್ಲವೇ, ಕೈಚೆಲ್ಲಿದರು.

ಮಾತು ಬಿಟ್ಟರೂ ಸಂಸಾರ ನಡೆಯಬೇಕಲ್ಲ. ಅದಕ್ಕೆ ಕರಿಯ ಎಂಬ ನಾಯಿ ಇತ್ತು. "ಲೇ ಕರಿಯ, ಸಾರಿಗೆ ಉಪ್ಪು ಬಿದ್ದಿಲ್ಲ ಅಂತ ಹೇಳು" ಎನ್ನುವನು ಗುಡ್ಡಪ್ಪ. "ಕರಿಯ, ಉಪ್ಪಿನ ಡಬ್ಬಿ ಪಕ್ಕದಾಗೇ ಐತೆ, ಕಣ್ಣಿಲ್ವಾ ಅಂತ ಕೇಳು" ಎನ್ನುವಳು ಏಕನಾಥಮ್ಮ. ನಾಯಿ ಪಾಪ ಇವರ ಮುಖ ಅವರ ಮುಖ ನೋಡಿ ಬಾಲ ಆಡಿಸುತ್ತಿತ್ತು. ಕರಿಯ ಸತ್ತ ಮೇಲೆ ಪಡಸಾಲೆಯ ಕಂಬಕ್ಕೆ ಹೇಳಲು ಶುರು ಮಾಡಿದರು. ಹಿರಿಯ ಮಗ ಓಬಳೇಶ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಆಚೆ ಇರುತ್ತಿದ್ದವನು, ಮನೆಗೆ ಬಂದಾಗ ಅಪ್ಪ ಅವ್ವ ಕಂಬದ ಜೊತೆ ಮಾತಾಡುವುದನ್ನು ನೋಡಿ ಹಣೆ ಚಚ್ಚಿಕೊಂಡ.

ಸಂಕ್ರಾಂತಿ ಕಳೆದು ಎಂಟು ದಿನಕ್ಕೆ ಗುಡ್ಡಪ್ಪ ತೀರಿಕೊಂಡ. ಮಟಮಟ ಮಧ್ಯಾಹ್ನ, ಅಂಗಳದ ಬೇವಿನ ಮರದಡಿ, ಹಗ್ಗದ ಮಂಚದ ಮೇಲೆ. ಮನೆಯಲ್ಲಿ ಇದ್ದವಳು ಏಕನಾಥಮ್ಮ ಒಬ್ಬಳೇ. ಕಾವ್ಯಶ್ರೀ ಅಷ್ಟರಲ್ಲಿ ಚಿತ್ರದುರ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಓಡಿ ಬಂದವಳು ಅಪ್ಪನ ಎದೆಯ ಮೇಲೆ ಬಿದ್ದು ಅತ್ತು, ಆಮೇಲೆ ನರ್ಸ್ ಕೇಳುವ ಪ್ರಶ್ನೆಯನ್ನೇ ಕೇಳಿದಳು. "ಅವ್ವ, ಎದೆ ನೋವು ಅಂತ ಏನಾದ್ರೂ ಅಂದ್ನಾ? ಕರೀಲಿಲ್ವಾ ನಿನ್ನ? ಬೇಗ ಹಿರಿಯೂರಿಗೆ ಒಯ್ದಿದ್ರೆ ಉಳೀತಿದ್ನೇನೋ."

"ಇಲ್ಲ ಕಣವ್ವ, ನಿದ್ದೇಲೇ ಹೋದ" ಎಂದಳು ಏಕನಾಥಮ್ಮ.

ಅದು ಸುಳ್ಳು. ಗುಡ್ಡಪ್ಪ ಕರೆದಿದ್ದ. ಆ ಸುಳ್ಳು ಅವತ್ತಿನಿಂದ ಅವಳ ಗಂಟಲಲ್ಲಿ ಕುಳಿತುಬಿಟ್ಟಿತು. ಅನ್ನ ಇಳಿಯದು, ನಿದ್ದೆ ಹತ್ತದು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವಳು ಒಲೆಯ ಮುಂದೆ ಕೂತಲ್ಲೇ ಕೂತು, ನೂರು ಮಕ್ಕಳ ಅನ್ನ ಸೀದು ಹೋದರೂ ಏಳಲಿಲ್ಲ. ಒಂದು ದಿನ ಗಂಡನ ಟವೆಲ್ಲನ್ನು ತಟ್ಟೆಯ ಮೇಲಿಟ್ಟುಕೊಂಡು ಮಾರಮ್ಮನ ಗುಡಿಗೆ ಹೋದಳು. ಪೂಜಾರಿ ಜುಂಜಯ್ಯ ಒಳ್ಳೆಯವನೇ, ಆದರೆ ಕಟ್ಟಳೆ ಮೀರುವವನಲ್ಲ. "ಇಬ್ಬರೂ ಬರ್ಬೇಕವ್ವ. ಟವಲ್ ತಂದ್ರೆ ಆಗಲ್ಲ" ಅಂದ. ತಟ್ಟೆ ಹಿಡಿದುಕೊಂಡು ಹಾಗೇ ಹಿಂದಿರುಗಿದಳು.

ಇದೆಲ್ಲ ಕಂಡು ಕಾವ್ಯಶ್ರೀ ದುರ್ಗದಲ್ಲಿ ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಹೆಸರು ಬರೆಸಿದಳು. ಓಬಳೇಶ ಕೇಳಿ ಕೂಗಾಡಿದ. "ಅವ್ವಂಗೆ ಹುಚ್ಚು ಹಿಡದೈತಾ? ನಾಳೆ ನೆಂಟರು ಏನಂತಾರೆ?" "ನೆಂಟರು ಬಂದು ಅವ್ವಂಗೆ ಉಣ್ಣಿಸ್ತಾರಾ?" ಎಂದು ತಂಗಿ ಬಾಯಿ ಮುಚ್ಚಿಸಿದಳು.

ಆ ಮನಶ್ಶಾಸ್ತ್ರಜ್ಞೆಯ ಹೆಸರು ಬಿಂದು. ಮೂವತ್ತೈದರ ಒಳಗಿನವಳು, ಸಿರಿಗೆರೆ ಕಡೆಯವಳು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಏಕನಾಥಮ್ಮ ಎದೆಗೆ ಇಡುವ ಸ್ಟೆತಸ್ಕೋಪು ಹುಡುಕಿದಳು, ಕಾಣಲಿಲ್ಲ. ಮಂಚ ಹುಡುಕಿದಳು, ಮಂಚವೂ ಇಲ್ಲ. ಎರಡು ಕುರ್ಚಿ, ಒಂದು ನೀರಿನ ಜಗ್ಗು. ಇದೆಂಥ ಆಸ್ಪತ್ರೆಯೋ ಎಂದುಕೊಂಡು ಸೆರಗು ಹೊದ್ದು ಕುಳಿತಳು. ಕೇಳಿದ್ದಕ್ಕೆಲ್ಲ ಮಗಳೇ ಉತ್ತರ ಕೊಡುತ್ತಿದ್ದಳು. ಊಟ ಇಲ್ಲ, ನಿದ್ದೆ ಇಲ್ಲ, ಅಪ್ಪ ಹೋದಾಗಿನಿಂದ ಹೀಗೆ.

ಬಿಂದು ಅದನ್ನು ಬರೆದುಕೊಂಡು, "ಕಾವ್ಯ, ನೀವು ಒಂಚೂರು ಹೊರಗೆ ಕುಂತ್ಕಳ್ರಿ" ಅಂದಳು. ಬಾಗಿಲು ಹಾಕಿ ಬಂದು ನಿಧಾನಕ್ಕೆ ಹೇಳಿದಳು.

"ನಾನು ಔಷಧಿ ಬರೆಯೋ ಡಾಕ್ಟ್ರಲ್ಲ ಅಮ್ಮ. ಇಲ್ಲಿ ಸೂಜಿ ಇಲ್ಲ, ಮಾತ್ರೆ ಇಲ್ಲ. ಮಾತ್ರೆ ಬೇಕು ಅನ್ನಿಸಿದ್ರೆ ಅದನ್ನ ಕೊಡೋರ ಹತ್ರ ನಾನೇ ಕಳಿಸ್ತೀನಿ. ವಾರಕ್ಕೊಂದು ಸಲ ಮುಕ್ಕಾಲು ಗಂಟೆ ನಾವಿಬ್ರೂ ಹಿಂಗೇ ಕುಂತ್ಕಂಡು ಮಾತಾಡ್ತೀವಿ. ನಿಮಗೆ ಹೇಳಬೇಕು ಅನ್ನಿಸಿದ್ದು ಹೇಳ್ರಿ, ಬ್ಯಾಡ ಅನ್ನಿಸಿದ್ದು ಬಿಡ್ರಿ. ಒಂದೇ ಸಲಕ್ಕೆ ಹಗುರ ಆಗಲ್ಲ, ಕೆಲವು ಸಲ ಮನೆಗೆ ಹೋದ್ಮೇಲೆ ಇನ್ನೂ ಭಾರ ಅನ್ನಿಸ್ಬಹುದು. ನನ್ನ ಜೊತೆ ಹೊಂದಲ್ಲ ಅನ್ನಿಸಿದ್ರೆ ಅದನ್ನೂ ಹೇಳ್ಬಹುದು, ಬೇಜಾರಿಲ್ಲ. ನೀವು ಹೇಳಿದ್ದು ಈ ಬಾಗ್ಲು ದಾಟಲ್ಲ. ಯಾರ್ದಾದ್ರೂ ಜೀವಕ್ಕೆ ಅಪಾಯ ಐತೆ ಅನ್ನಿಸಿದ್ರೆ ಮಾತ್ರ ಬೇರೆಯವರಿಗೆ ಹೇಳ್ಬೇಕಾಗುತ್ತೆ."

ಏಕನಾಥಮ್ಮ ಬಾಗಿಲ ಕಡೆ ನೋಡಿದಳು. "ಅವಳಿಗೂ ಹೇಳಲ್ವಾ?"

"ನಿಮ್ಮ ಮಗಳಿಗೂ ಹೇಳಲ್ಲ."

ಆದರೂ ಏಕನಾಥಮ್ಮ ಬಾಯಿ ಬಿಡಲಿಲ್ಲ. ಕಾರಣವಿತ್ತು. ಅವಳ ಊರಲ್ಲಿ ಕಷ್ಟ ಬಂದವರು ದೇವರು ಕೇಳಲು ಹೋಗುತ್ತಾರೆ. ಹೋದವರು ಕೈಮುಗಿದು ಸುಮ್ಮನೆ ಕೂರಬೇಕು, ಬಂದ ಕಾರಣ ಹೇಳಕೂಡದು. ಮೈಮೇಲೆ ಬಂದ ದೇವರೇ ನಿನ್ನ ಮನೆಯಲ್ಲಿ ಇಂಥದ್ದು ನಡೆದಿದೆ ಎಂದು ನುಡಿಯಬೇಕು. ನುಡಿಯದಿದ್ದರೆ ಅಲ್ಲಿ ಸತ್ಯವಿಲ್ಲ ಎಂದು ಎದ್ದು ಬರುವುದೇ. ಇಷ್ಟು ಓದಿದ ಈ ಹೆಣ್ಣುಮಗಳಿಗೆ ಗೊತ್ತಾಗದೇ ಇರುತ್ತದೆಯೇ? ತಾನು ಹೇಳುವ ಮೊದಲೇ ಇವಳೇ ಹೇಳಿಬಿಟ್ಟರೆ, ಬಾಯಿಬಿಟ್ಟ ಪಾಪ ತನಗಿಲ್ಲ. ಹಾಗೆಂದು ಏಕನಾಥಮ್ಮ ಕೈಮುಗಿದು ಕಾದಳು. ಬಿಂದುವೂ ಕಾದಳು. ಮುಕ್ಕಾಲು ಗಂಟೆ ಹಾಗೇ ಹೋಯಿತು.

ಏಳುವಾಗ ಬಿಂದು, "ಯಾಕಮ್ಮ ಕೈಮುಕ್ಕಂಡು ಕುಂತ್ರಿ?" ಎಂದು ಕೇಳಿದಳು. ಏಕನಾಥಮ್ಮ ಇದ್ದದ್ದು ಇದ್ದಂತೆ ಹೇಳಿದಳು. ಬಿಂದು ನಗಲಿಲ್ಲ. "ನಂಗೆ ಅದು ಬರಲ್ಲ ಅಮ್ಮ. ನೀವು ಹೇಳ್ದಿದ್ರೆ ನಂಗೆ ಏನೂ ಗೊತ್ತಾಗಲ್ಲ" ಅಂದಳು. ಬಸ್ಸಿನಲ್ಲಿ ಬರುವಾಗ ಏಕನಾಥಮ್ಮ ಮಗಳಿಗೆ, "ಒಳ್ಳೇ ಹುಡುಗಿ. ಆದ್ರೆ ಏನೂ ಗೊತ್ತಿಲ್ಲ ಅದ್ಕೆ" ಎಂದಳು.

ಎರಡನೆಯ ವಾರ ಕರಿಯನ ಕಥೆ ಹೇಳಿದಳು, ಕಂಬದ ಕಥೆ ಹೇಳಿದಳು. ಹೇಳುತ್ತಾ ನಕ್ಕಳು. ನಗು ಬಂದದ್ದಕ್ಕೆ ಗಾಬರಿಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡ ಸತ್ತವಳು ನಗಬಾರದು ಎಂದು ಇಲ್ಲಿ ಯಾರೂ ಬೈಯಲಿಲ್ಲ. ಆ ರಾತ್ರಿ ಆರೇಳು ತಿಂಗಳ ಮೇಲೆ ಮೊದಲ ಸಲ ಒಂದಿಡೀ ಮುದ್ದೆ ಉಂಡಳು.

ಮೂರನೆಯ ವಾರ ಬೇವಿನ ಮರದ ಮಾತಿಗೆ ಬಂದಳು. "ಕರೆದ ಮೇಡಂ. ಹನ್ನೊಂದು ವರ್ಷ ಆದ್ಮೇಲೆ. ಏಕನಾಥೀ ಅಂತ ನನ್ನ ಹೆಸರು ಹಿಡ್ದು ಎರಡು ಸಲ ಕರೆದ. ಮಗಳ ನೆತ್ತಿ ಮೇಲೆ ಆಣೆ ಇಟ್ಟಿದ್ದೆ. ಬಾಯಿ ಬಿಟ್ರೆ ಅವಳಿಗೇನಾದ್ರೂ ಆದ್ರೆ ಅಂತ ಸುಮ್ನಿದ್ದೆ. ಇದ್ನ ಅವಳಿಗೆ ಹೆಂಗೆ ಹೇಳ್ಲಿ? ನನ್ನಿಂದ ಅಪ್ಪ ಹೋದ ಅಂದ್ಕಳಲ್ವಾ ಅವಳು?"

ಇಷ್ಟು ಹೇಳಿದ ಮೇಲೆ ಗಂಟಲು ಬಿಡಬೇಕಿತ್ತು. ಬಿಡಲಿಲ್ಲ. ಮೂರನೇ ದಿನಕ್ಕೆ ಶಾಲೆಯಲ್ಲಿ ಅನ್ನ ಮತ್ತೆ ಸೀಯಿತು. ಅಡುಗೆಗೆ ಜೊತೆಗಿದ್ದ ಜಯಕ್ಕ ಬಂದು ಭುಜ ಅಲುಗಾಡಿಸಿದಾಗಲೇ ಎಚ್ಚರ. ಅವತ್ತೆಲ್ಲ ಏಕನಾಥಮ್ಮನಿಗೆ ತನ್ನ ಮೇಲೆಯೇ ಹೇಸಿಗೆ ಆಯಿತು.

ನಾಲ್ಕನೆಯ ವಾರ ಮಗಳಿಗೆ ಹೇಳದೆ ಒಬ್ಬಳೇ ಬಸ್ಸು ಹತ್ತಿ ದುರ್ಗಕ್ಕೆ ಬಂದಳು. ಕುರ್ಚಿಯ ಮೇಲೆ ಕೂತವಳೇ, "ಹೋದ ವಾರ ಹೇಳಿದ್ದು ಸುಳ್ಳು" ಎಂದಳು.

"ಯಾವುದು ಅಮ್ಮ? ಕರೆದಿದ್ದಾ?"

"ಕರೆದಿದ್ದು ನಿಜ. ಆಣೆಗೆ ಹೆದರಿದ್ದು ಸುಳ್ಳು. ಆಣೆ ನನ್ನ ನೆಪ್ಪಿಗೇ ಬರ್ಲಿಲ್ಲ. ಪಡಸಾಲೇಲಿ ಹುಣಸೇಹಣ್ಣು ಬಿಡಿಸ್ತಾ ಕುಂತಿದ್ದೆ. ಏಕನಾಥೀ ಅಂದ. ನಂಗೆ ಖುಷಿ ಆತು ಮೇಡಂ. ಸೋತ, ಅಂದ್ಕಂಡೆ. ಕೊನೆಗೂ ಮೊದ್ಲು ಬಾಯಿ ಬಿಟ್ಟೋನು ಅವನೇ ಅಂತ. ನಗು ಬಂತು. ತಲೆ ಎತ್ತಿದ್ರೆ ಎಲ್ಲಿ ಕಾಣ್ತದೋ ಅಂತ ಬಗ್ಗಿಸ್ಕಂಡೆ. ಆಮೇಲೆ ಇನ್ನೊಂದು ಸಲ ಕರೆದ. ದನಿ ಸಣ್ಣಗಿತ್ತು. ಆಗ್ಲೂ ಏಳಲಿಲ್ಲ ನಾನು."

ಬಿಂದು ನೀರಿನ ಜಗ್ಗನ್ನು ಅವಳ ಕಡೆ ಸರಿಸಿದಳು.

"ಕೇಳಕ್ಕೆ ಚೆಂದ ಇತ್ತು ಮೇಡಂ, ಅವ್ನ ಬಾಯಾಗೆ ನನ್ನ ಹೆಸ್ರು. ಇನ್ನೊಂದು ಸಲ ಕರೀಲಿ, ಆಮೇಲೆ ಹೋಗಾಣ ಅಂತ ಕುಂತಿದ್ದೆ."

ಏಳು ತಿಂಗಳಿಂದ ಗಂಡನಿಗಾಗಿ ಒಂದು ಹನಿ ಕಣ್ಣೀರು ಹಾಕಿರದ ಏಕನಾಥಮ್ಮ ಅವತ್ತು ಆ ಕುರ್ಚಿಯ ಮೇಲೆ ಕೆಳಗಿನ ಅಂಗಡಿಯವರಿಗೆ ಕೇಳುವ ಹಾಗೆ ಅತ್ತಳು.