ಮೌಲಾಸಾಬ ಕಾಕಾನ ಮೊದಲ ಮಿರ್ಚಿ

ಬಾಣಲೆಯಿಂದ ತೆಗೆದ ಮೊದಲ ಮಿರ್ಚಿ ಭಜಿ ಮೌಲಾಸಾಬ ಕಾಕಾನ ಬಾಯಿಗೇ ಹೋಗಬೇಕು. ಹೊಗೆಯಾಡುವ ಭಜಿಯನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ಹೊರಳಿಸುತ್ತ, ಕಣ್ಣಲ್ಲಿ ನೀರು ತಂದುಕೊಂಡು, ತಲೆಯಾಡಿಸಿದ ಮೇಲೆಯೇ ಗಿರಾಕಿಗೆ ಕೊಡುವುದು. ಬಾಣಲೆ ಎಷ್ಟು ಸಲ ತುಂಬಿದರೂ ಇದೇ ಕಟ್ಟಳೆ. "ನಾ ತಿನ್ನದ್ದನ್ನ ಮಂದಿಗೆ ಹೆಂಗ್ ತಿನ್ನಸ್ಲಿ?" ಎನ್ನುತ್ತಿದ್ದರು.

ಬೆಟಗೇರಿಯಲ್ಲಿ ನಮ್ಮ ಓಣಿಯ ತುದಿಗೆ ಅವರ ಅಂಗಡಿ. ನಮ್ಮಪ್ಪ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಬದುಕಿದವನು. ನಮ್ಮ ಮನೆತನಕ್ಕೆ ಡಿಗ್ರಿ ಬಂದದ್ದು ನನ್ನಿಂದಲೇ. ಬಿಎಸ್ಸಿ ಮುಗಿಸಿ ಗದಗಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಹಿಡಿದಾಗ ಕಾಕಾ ರಸ್ತೆಗೆ ಬಂದು ಕೂಗಿದ್ದರು: "ಏ, ನಮ್ಮ ಓಣ್ಯಾಗೂ ಒಬ್ಬ ಶಾಣ್ಯಾ ಹುಟ್ಯಾನ್ರೋ! ಸೀರಿ ನೇಯೋದು ಬಿಟ್ಟು ಮಂದಿ ರಕ್ತ ಹೀರ್ತಾನ!"

ಎಂಬತ್ತರ ದಶಕದ ಮಧ್ಯದಲ್ಲಿ ಅವರಿಗೆ ಎದೆನೋವು ಬಂತು. ಮುಂಬೈಯಲ್ಲಿದ್ದ ಅವರ ತಮ್ಮ ಕರೆದೊಯ್ದು ಬೈಪಾಸ್ ಮಾಡಿಸಿದ. ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸಿದ್ದರು. ರಕ್ತದಲ್ಲಿ ಕೊಬ್ಬು ಏರಿದರೆ ಈ ಹೊಸ ನಾಳವೂ ಹಳೆಯದರಂತೆಯೇ ಕಿರಿದಾಗುತ್ತದೆ, ಇನ್ನೊಮ್ಮೆ ಎದೆ ತೆರೆಯುವುದು ಸುಲಭವಲ್ಲ, ಕರಿದದ್ದು ಬಿಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಕೆಲವು ತಿಂಗಳ ಮೇಲೆ ಹೆಂಡತಿ ಹಾಜರಾಬಿ ಕಾಕುವಿನ ಜೊತೆ ಪರೀಕ್ಷೆಗೆ ಬಂದರು.

"ಏನೂ ತಿಂದಿಲ್ಲಲ್ರೀ ಕಾಕಾ?"

"ಚಹಾ ಸೈತ ಕುಡದಿಲ್ಲೋ ತಮ್ಮಾ."

ರಕ್ತ ತೆಗೆದು ನಳಿಗೆಯನ್ನು ಯಂತ್ರದಲ್ಲಿ ತಿರುಗಿಸಿದೆ. ಮೇಲೆ ನಿಲ್ಲುವ ನೀರು ತಿಳಿಯಾಗಿರಬೇಕು, ಮಜ್ಜಿಗೆಯಂತೆ ಬೆಳ್ಳಗಿತ್ತು. ಎಣ್ಣೆಯದೇನಾದರೂ ತಿಂದು ಬಂದರೆ ಹೀಗಾಗುತ್ತದೆ. ನಳಿಗೆಯನ್ನು ಅವರ ಮುಂದೆ ಹಿಡಿದೆ.

"ಇದು ನಿಮ್ಮ ರಕ್ತರೀ ಕಾಕಾ. ಖರೆ ಹೇಳ್ರಿ."

"ತಿಂದಿಲ್ಲೋ! ಮುಂಜಾನಿ ಬರೇ ರುಚಿ ನೋಡೇನಿ."

"ಎಷ್ಟು?"

"ಎಷ್ಟ್ ಕಡಾಯಿ ಇಳದ್ವೋ ಅಷ್ಟು. ರುಚಿ ನೋಡಿದ್ರ ತಿಂದಂಗೇನು?"

ಡಾಕ್ಟರ ಮಾತು ನೆನಪಿಸಿದೆ, ಜಗ್ಗಲಿಲ್ಲ. "ರುಚಿ ನೋಡದ ಮಾರೋದಾದ್ರ ಅಂಗಡಿ ಬಂದ್ ಮಾಡಿ ಮನ್ಯಾಗ ಕುಂಡ್ರತೇನಿ. ಅದೂ ಸತ್ತಂಗನ."

ಕಾಕು ನಡುವೆ ಬಾಯಿ ಹಾಕಿದರು: "ರಂಜಾನದಾಗ ರೋಜಾ ಹಿಡದು ಭಜಿ ಕರೀತೀರಲ್ಲ, ಆವಾಗ ಯಾರ್ ನೋಡ್ತಾರ್ರೀ ರುಚಿ? ನಿಮ್ಮಜ್ಜ ಬರ್ತಾನೇನು?"

ಕಾಕಾ ಸೂಜಿ ಚುಚ್ಚಿದ ತೋಳು ಉಜ್ಜಿಕೊಂಡರು. "ಆವಾಗ... ವಾಸನಿ ಮ್ಯಾಲ ಗೊತ್ತಾಕ್ಕೈತಿ."

"ದೇವರಿಗೆ ಹೆದರಿ ಒಂದ್ ತಿಂಗಳ ಬಿಡ್ತೀರಿ. ನನ್ನ ಮಾರಿ ನೋಡಿ ಹನ್ನೊಂದ್ ತಿಂಗಳ ಬಿಡ್ರಿ."

ಅಂದಿನಿಂದ ಮೊದಲ ಮಿರ್ಚಿ ಎದುರಿಗೆ ನಿಂತ ಗಿರಾಕಿಯ ಪಾಲಾಯಿತು. "ಉಪ್ಪು ಹೆಂಗೈತಿ?" ಎಂದು ಅವನ ಮುಖವನ್ನೇ ನೋಡುವರು, ಅವನು ನುಂಗಿದಾಗ ತಾವೂ ಒಣಗುಟುಕು ನುಂಗುವರು. ನೋಡಲು ನಗು, ಸಂಕಟ ಎರಡೂ. ಆದರೆ ಮುಂದಿನ ಪರೀಕ್ಷೆಗಳಲ್ಲಿ ನಳಿಗೆಯ ನೀರು ತಿಳಿಯಾಗಿತ್ತು, ಕೊಬ್ಬೂ ಇಳಿಯುತ್ತ ಬಂತು.

ನನಗೆ ಮುಂಡರಗಿಯ ಆಸ್ಪತ್ರೆಯಲ್ಲಿ ನೌಕರಿಯಾಯಿತು. ಹೊರಟ ದಿನ ನಾನು ಬೇಡವೆಂದರೂ ಕೇಳದೆ ಕಾಕಾ ನನ್ನ ಟ್ರಂಕಿನ ಒಂದು ಬದಿಯ ಹಿಡಿಕೆ ಹಿಡಿದು ಬಸ್ ನಿಲ್ದಾಣದವರೆಗೆ ಬಂದರು.

"ಎದಿ ನೋಯ್ತೈತೇನ್ರೀ?"

"ಎದಿ ಆರಾಮ ಐತಿ, ಕೈ ನೋಯ್ತೈತಿ. ಕಲ್ಲು ತುಂಬೀಯೇನಲೇ ಇದ್ರಾಗ?"

ಅದೇ ಕೊನೆಯ ಭೇಟಿ. ಮುಂದೆ ನಾನು ಊರಿಗೆ ಬರುವಷ್ಟರಲ್ಲಿ ಅವರು ಅಂಗಡಿ ಬಿಟ್ಟುಕೊಟ್ಟು ಮಗಳ ಊರಿಗೆ ಹೋಗಿದ್ದರು. ಅಂದು ಬಸ್ಸು ಹೊರಟಾಗ ಕಿಟಕಿಯೊಳಗೆ ಬಿಸಿ ಮಿರ್ಚಿಯ ಪೊಟ್ಟಣವೊಂದನ್ನು ತೂರಿ, ಜೊತೆಗೆ ನಾಲ್ಕು ಹೆಜ್ಜೆ ಓಡುತ್ತ ಹೇಳಿದ್ದರು:

"ಮೊದಲ್ನೇದೂ ಇದ್ರಾಗ ಐತಿ ತಮ್ಮಾ. ನಾ ಮುಟ್ಟಿಲ್ಲ!"