ನೀರಿಗೆ ಹಾಕಿದ ಮಂಡಕ್ಕಿ

ನೆನೆದ ಮಂಡಕ್ಕಿಗೆ ಒಂದು ವಾಸನೆ ಇರುತ್ತದೆ. ಹುರಿದ ಮರಳು, ಉಪ್ಪು, ಸ್ವಲ್ಪ ಹೊಗೆ. ಒಗ್ಗರಣೆ ಬಿದ್ದ ಮೇಲೆ ಅದು ಸಿಗುವುದಿಲ್ಲ. ಬೋಗುಣಿಯ ನೀರಿಗೆ ಹಾಕಿ ಹಿಂಡುವ ಆ ಗಳಿಗೆಯಲ್ಲಿ ಮಾತ್ರ. ದಾವಣಗೆರೆಯ ಎಸ್.ಎಸ್. ಬಡಾವಣೆಯ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಹೆಂಡತಿ ಮಂಡಕ್ಕಿ ನೆನೆಸುವಾಗ ನಾನು ಏನಾದರೊಂದು ನೆಪ ತೆಗೆದು ಅಡುಗೆಮನೆಯಲ್ಲಿ ನಿಲ್ಲುತ್ತೇನೆ. "ಅಡ್ಡ ನಿಂದ್ರಬ್ಯಾಡ್ರಿ" ಎಂದು ಬೈಸಿಕೊಳ್ಳುತ್ತೇನೆ. ಈ ಭಾನುವಾರ ಮಾತ್ರ ಅವಳನ್ನು ಹೊರಗೆ ಕಳಿಸಿ ನಾನೇ ಹಿಂಡಲು ನಿಂತೆ.

ಅಪ್ಪ ಹಾಗೇ ಮಾಡುತ್ತಿದ್ದ. ಆಗ ನಾವು ಹರಿಹರದಲ್ಲಿದ್ದೆವು. ಅಪ್ಪ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಲೇತ್ ಮಷೀನಿನ ಕೆಲಸಗಾರ. ರಜೆಯ ದಿನ ಅಡುಗೆಮನೆ ಅವನದು, ಅವ್ವನಿಗೂ ಪ್ರವೇಶವಿಲ್ಲ. ಹರಿಹರದ ಅಂಗಡಿಯ ಮಂಡಕ್ಕಿ ಅವನಿಗೆ ನಡೆಯುತ್ತಿರಲಿಲ್ಲ. ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ, ದಾವಣಗೆರೆಯ ಮಂಡಕ್ಕಿ ಭಟ್ಟಿಗೇ ಹೋಗಿ, ಬಿಸಿ ಇರುವಾಗಲೇ ಚೀಲಕ್ಕೆ ತುಂಬಿಸಿಕೊಂಡು ಬರುತ್ತಿದ್ದ. ನೀರಿಗೆ ಸುರಿದು, ಅಂಗೈಯಿಂದ ಒಮ್ಮೆ ಒತ್ತಿ ಮುಳುಗಿಸಿ, ಎರಡೂ ಕೈಯಲ್ಲಿ ಹಿಂಡಿ ತಾಟಿಗೆ ಹಾಕುವುದು... ಅದರಲ್ಲಿ ಎಂಥ ಠೀವಿ ಅವನಿಗೆ. ದೊಡ್ಡ ವಿದ್ಯೆ ಕಲಿಸುವವನಂತೆ ನನ್ನ ಕಡೆ ನೋಡುತ್ತಿದ್ದ.

ಕಾರ್ಖಾನೆ ಮುಚ್ಚಿತು. ಅಪ್ಪ ಮಸ್ಕತ್ತಿಗೆ ಹೋದ. ಮೊದಮೊದಲು ಪಕ್ಕದ ಮನೆಗೆ ಫೋನ್ ಬರುತ್ತಿತ್ತು, ಆಮೇಲೆ ಹಬ್ಬಕ್ಕಷ್ಟೇ, ಆಮೇಲೆ ಅದೂ ಇಲ್ಲ. ಅವ್ವ ಪಕ್ಕದ ಗುತ್ತೂರಿನ ಕಡೆ ಕೆಲಸಕ್ಕೆ ಸೇರಿ ನನ್ನನ್ನು ಓದಿಸಿದಳು. ತಾಳಿ ತೆಗೆಯಲಿಲ್ಲ, ಕುಂಕುಮ ಬಿಡಲಿಲ್ಲ. ಅರಿಶಿನ-ಕುಂಕುಮಕ್ಕೆ ಅವಳನ್ನು ಕರೆಯಬೇಕೋ ಬೇಡವೋ ಎಂದು ಓಣಿಯ ಹೆಂಗಸರೇ ಗೊಂದಲಕ್ಕೆ ಬಿದ್ದರು. ಕರೆದರೆ ಹೋಗುತ್ತಿದ್ದಳು, ಕರೆಯದಿದ್ದರೆ ಸುಮ್ಮನಿರುತ್ತಿದ್ದಳು. ನನಗೆ ಶಾಲೆಯಲ್ಲಿ ‘ಮಸ್ಕತ್ತು’ ಎಂದೇ ಹೆಸರು ಬಿತ್ತು. ಭೂಪಟದಲ್ಲಿ ಆ ಊರು ತೋರಿಸಲು ಮೇಷ್ಟ್ರು ನನ್ನನ್ನೇ ಕರೆದ ದಿನ ಹುಡುಗರು ಬಿದ್ದು ಬಿದ್ದು ನಕ್ಕಿದ್ದರು.

ಐಟಿಐ ಮುಗಿಸಿ, ಕೆಲವು ವರ್ಷ ಅಲ್ಲಿಲ್ಲಿ ದುಡಿದು, ನಾನೂ ಎಲೆಕ್ಟ್ರಿಷಿಯನ್ ಆಗಿ ಮಸ್ಕತ್ತಿಗೇ ಹೊರಟೆ. ಸಂಪಾದನೆಗೆ ಎಂದು ಎಲ್ಲರಿಗೂ ಹೇಳಿದ್ದೆ. ಅವ್ವನಿಗೆ ಗೊತ್ತಿತ್ತು. "ಸಿಕ್ರೆ ಜಗಳ ಆಡಬ್ಯಾಡ. ಚೆನ್ನಾಗಿದಾನಾ ಅಂತ ನೋಡ್ಕಂಡು ಬಾ, ಸಾಕು" ಎಂದಳು. ನನಗೆ ಅಷ್ಟು ಸಾಲುತ್ತಿರಲಿಲ್ಲ. ಅವನ ಬಾಯಿಂದ ‘ಇವನು ನನ್ನ ಮಗ’ ಎನ್ನುವ ಮಾತು ಬೇಕಿತ್ತು. ಒಂದೇ ಸಲ, ಯಾರ ಎದುರಿಗಾದರೂ ಸರಿ.

ಅಲ್ಲಿ ಸಿಕ್ಕ ಹರಿಹರದವರೊಬ್ಬರು ವರ್ಕ್‌ಶಾಪಿನ ಗುರುತು ಹೇಳಿದರು. ಹೋದೆ. ಲೇತಿನ ಮುಂದೆ ಬಗ್ಗಿ ನಿಂತಿದ್ದವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಯಾರು ಬೇಕೆಂದು ಹಿಂದಿಯಲ್ಲಿ ಕೇಳಿದ.

"ಹರಿಹರದಿಂದ ಬಂದೀನ್ರಿ" ಎಂದೆ.

ಅಪ್ಪ ಮಷೀನ್ ಆಫ್ ಮಾಡಿದ. ಅದು ತಿರುಗುವುದು ಪೂರ್ತಿ ನಿಲ್ಲುವವರೆಗೂ ಅದನ್ನೇ ನೋಡುತ್ತಿದ್ದ. ಆಮೇಲೆ ನನ್ನ ಮುಖ ನೋಡಿದ. ಗುರುತು ಹತ್ತಿತ್ತು.

"ಊಟ ಆತಾ?" ಎಂದ.

ಅಷ್ಟು ವರ್ಷಗಳ ಮೇಲೆ ಅಪ್ಪ ಗುರುತು ಹಿಡಿದು ಆಡಿದ ಮೊದಲ ಮಾತು ಅದು. ರಜೆಯ ದಿನ ಮನೆಗೆ ಬಾ ಎಂದು ವಿಳಾಸ ಹೇಳಿ, ಮತ್ತೆ ಮಷೀನ್ ಶುರು ಮಾಡಿದ.

ರಜೆಯ ಆ ಶುಕ್ರವಾರ ಹೋದಾಗ ಒಬ್ಬ ಹೆಂಗಸು ಬಾಗಿಲು ತೆಗೆದಳು. ಒಳಗೆ ಪುಟ್ಟ ಹುಡುಗಿಯೊಬ್ಬಳು ಅಪ್ಪನನ್ನು ‘ಅಚ್ಛಾ’ ಎಂದು, ಅಂದರೆ ಅಪ್ಪಾ ಎಂದೇ, ಕರೆಯುತ್ತಿದ್ದಳು. ಅಪ್ಪ ಅವರೊಂದಿಗೆ ಹುಟ್ಟಿದವನ ಹಾಗೆ ಮಲಯಾಳಂ ಆಡುತ್ತಿದ್ದ. ಅವನು ಕಾಸರಗೋಡಿನವನೆಂದೇ ಆ ಕಟ್ಟಡದವರೆಲ್ಲ ತಿಳಿದಿದ್ದರು. ನನ್ನನ್ನು ತೋರಿಸಿ ಅವನು ಹೆಂಗಸಿಗೆ ಹೇಳಿದ್ದು, ಅಷ್ಟರಲ್ಲಿ ನನಗೂ ಆ ಭಾಷೆ ಸ್ವಲ್ಪ ಬರುತ್ತಿದ್ದುದರಿಂದ, ಅರ್ಥವಾಯಿತು. ‘ನಮ್ಮ ಊರ ಕಡೆಯ ಹುಡುಗ.’ ಹರಿಹರದಲ್ಲಿ ನಾನು ಮಸ್ಕತ್ತಿನವನ ಮಗ. ಮಸ್ಕತ್ತಿಗೆ ಬಂದರೆ ಊರ ಕಡೆಯ ಹುಡುಗ.

"ಕೂಡ್ರು, ಒಗ್ಗರಣೆ ಮಂಡಕ್ಕಿ ಮಾಡ್ತೀನಿ" ಎಂದು ಅಪ್ಪ ಅಡುಗೆಮನೆಗೆ ಹೋದ. ನಾನು ಕೂರದೆ ಹಿಂದೆಯೇ ಹೋದೆ. ಅಂಗಡಿಯ ಪೊರಿಯ, ಅಂದರೆ ಮಲಯಾಳಿಗಳ ಮಂಡಕ್ಕಿಯ, ಪ್ಯಾಕೆಟ್ಟು ಒಡೆದು ನೀರಿಗೆ ಸುರಿದ. ಅಂಗೈಯಿಂದ ಒಮ್ಮೆ ಒತ್ತಿ ಮುಳುಗಿಸಿದ, ಹರಿಹರದಲ್ಲಿ ಮುಳುಗಿಸುತ್ತಿದ್ದ ಹಾಗೆಯೇ. ಎತ್ತಿ ಹಿಂಡಿದರೆ ಕೈಯಲ್ಲಿ ಬರೀ ಗಂಜಿ. ಅಲ್ಲಿ ಸಿಗುವ ಪೊರಿ ತೆಳ್ಳಗಿನದು, ಒಣಗಿದ್ದಾಗಲೇ ತಿನ್ನುವಂಥದು. ಅದನ್ನು ಅಲ್ಲಿ ಯಾರೂ ನೀರಿಗೆ ಹಾಕುವುದಿಲ್ಲ. ಬಾಗಿಲಲ್ಲಿ ನಿಂತ ಹೆಂಗಸು ನಗತೊಡಗಿದಳು. ಇವನು ಇಂಥದ್ದು ಮಾಡಿದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲವಂತೆ.

ಅಪ್ಪ ನೀರಿನಲ್ಲಿ ಕೈ ಇಟ್ಟುಕೊಂಡೇ ನಿಂತಿದ್ದ. "ನಮ್ದಾದ್ರೆ ತಡೀತಿತ್ತು" ಎಂದ, ಕನ್ನಡದಲ್ಲಿ.

ಆ ‘ನಮ್ದು’ ಕೇಳಿ ನನಗೆ ಧೈರ್ಯ ಬಂತು. "ಯಾಕ ಬರಲಿಲ್ರಿ?" ಎಂದೆ.

"ಮೊದ್ಲು ಬರಾಕ ಆಗ್ಲಿಲ್ಲ. ಆಮ್ಯಾಲೆ ಬರಾಕ ಮುಖ ಇರ್ಲಿಲ್ಲ. ಹಂಗೇ... ಇಲ್ಲೇ ಆಗೋತು."

"ಅವ್ವ ಇನ್ನೂ ತಾಳಿ ಹಾಕ್ಕಂಡಾಳೆ."

ಅವನು ಕೈಗಂಟಿದ ಗಂಜಿಯನ್ನು ನೀರಿಗೆ ಉದುರಿಸಿದ.

"ನಾನು ಯಾರು ಅಂತ ಆಯಮ್ಮಗೆ ಹೇಳ್ರಿ. ಬ್ಯಾರೆ ಏನೂ ಬ್ಯಾಡ ನನಗೆ."

ಅಪ್ಪ ಕೈ ಒರೆಸಿಕೊಂಡ. ಹೆಂಗಸಿನ ಕಡೆ ನೋಡಿದ, ಬಾಯಿ ತೆರೆದ. ಆಮೇಲೆ ನನ್ನ ಕಡೆ ತಿರುಗಿ, "ಚಾ ಕುಡೀತೀಯಾ?" ಎಂದ.

ನಾನು ಚಪ್ಪಲಿ ಮೆಟ್ಟಿಕೊಂಡು ಇಳಿದುಬಂದೆ. ಮತ್ತೆ ಆ ಕಡೆ ಹೋಗಲಿಲ್ಲ. ಎಷ್ಟೋ ತಿಂಗಳ ನಂತರ ಒಂದು ಸಂಜೆ ಕೆಲಸದಿಂದ ಬಂದಾಗ, ನಮ್ಮ ಕ್ಯಾಂಪಿನ ಗೇಟಿನಲ್ಲಿದ್ದ ನೇಪಾಳದ ಕಾವಲುಗಾರ ಒಂದು ಚೀಲ ಕೊಟ್ಟ. ಒಳಗೆ ಮಂಡಕ್ಕಿ. ವಾಸನೆಗೇ ಗೊತ್ತಾಯಿತು, ದಾವಣಗೆರೆಯದು. ಊರಿಂದ ಬರುವ ಯಾರ ಕೈಯಲ್ಲಿ ತರಿಸಿದ್ದನೋ. ಯಾರು ಬಂದಿದ್ದರು ಎಂದು ಕೇಳಿದೆ. "ನಿನ್ನ ಅಪ್ಪ. ಮಗನಿಗೆ ಕೊಡು ಅಂದ" ಎಂದು ಹಿಂದಿಯಲ್ಲಿ ಹೇಳಿ ಅವನು ಬೀಡಿ ಹಚ್ಚಿಕೊಂಡ. ಆ ಹೆಂಗಸಿನ ಎದುರು ಬಾರದ ಮಾತನ್ನು ಗುರುತಿಲ್ಲದ ಕಾವಲುಗಾರನಿಗೆ ಹೇಳಿ ಹೋಗಿದ್ದ. ನಾನು ಅಲ್ಲಿರಲಿಲ್ಲ, ಕೇಳಿಸಿಕೊಳ್ಳಲಿಲ್ಲ. ಅಂದು ರೂಮಿನಲ್ಲಿ ಒಬ್ಬನೇ ಒಗ್ಗರಣೆ ಮಾಡಿಕೊಂಡು ತಿಂದೆ. ಮಂಡಕ್ಕಿ ಹಿಂಡಿದರೂ ಕರಗಲಿಲ್ಲ.

ಊರಿಗೆ ಮರಳಿದ ಮೇಲೆ ಅವ್ವ ಕೇಳಿದ್ದು ಒಂದೇ. "ಚೆನ್ನಾಗಿದಾನಾ?" ಹ್ಞೂಂ ಎಂದೆ.

ಹೋದ ವಾರ ಮಸ್ಕತ್ತಿನಿಂದ ಫೋನ್ ಬಂತು. ಆ ಹುಡುಗಿ. ಈಗ ದೊಡ್ಡವಳ ದನಿ, ಮಾತು ಮಲಯಾಳಂನಲ್ಲೇ. ಅಪ್ಪ ತೀರಿಹೋದರು, ಕ್ರಿಯೆ ಎಲ್ಲ ಇಲ್ಲೇ ಮುಗಿಸಿದೆವು ಎಂದಳು. ಅವನ ಫೋನಿನಲ್ಲಿ ‘ಹರಿಹರ’ ಎಂದು ನನ್ನ ನಂಬರ್ ಇತ್ತಂತೆ, ಯಾರಿಂದ ಪಡೆದಿದ್ದನೋ. ತಿಳಿಸಬೇಕು ಅನ್ನಿಸಿತು ಎಂದಳು. ಆಮೇಲೆ ಮೆಲ್ಲಗೆ, "ನೀವು ಅವರಿಗೆ ಏನಾಗಬೇಕು?" ಎಂದಳು.

ಎಷ್ಟು ವರ್ಷ ಕಾದಿದ್ದ ಪ್ರಶ್ನೆ ಅದು. ಬಾಯಿ ತೆರೆದೆ. ಅವಳು ಆ ಕಡೆ ಅಳುತ್ತಿದ್ದಳು.

"ಊರ ಕಡೆಯವನಮ್ಮ" ಎಂದೆ.

ಈ ಭಾನುವಾರ ನಾನು ಹಿಂಡಿದ ಮಂಡಕ್ಕಿಗೆ ಹೆಂಡತಿ ಒಗ್ಗರಣೆ ಕೊಟ್ಟಳು. ತಟ್ಟೆ ತಂದು ಅವ್ವನ ಮುಂದಿಟ್ಟೆ. ಪೂಜೆ ಮುಗಿಸಿ ಬಂದಿದ್ದಳು, ಹಣೆಯ ಕುಂಕುಮ ಇನ್ನೂ ಹಸಿ ಇತ್ತು. ಒಂದು ತುತ್ತು ತಿಂದು, "ನಿಮ್ಮಪ್ಪ ಮಾಡಿದಂಗೇ ಆಗೈತೆ" ಎಂದಳು. ಅಪ್ಪ ಹೋದ ಸುದ್ದಿಯನ್ನು ಅಂದೇ ಹೇಳಬೇಕೆಂದು ನಿರ್ಧರಿಸಿದ್ದೆ. ಅವಳ ಪಕ್ಕದಲ್ಲೇ ಕೂತೆ. ಅವಳು ನನ್ನ ಮುಖ ನೋಡಿ ಏನೋ ಇದೆ ಎಂದು ಕಾದಳು.

"ಅವ್ವಾ," ಎಂದೆ, "ಇನ್ನೊಂದೀಟು ಹಾಕ್ಲಾ?"