ಬ್ಯಾರನ್ ಸುಟ್ಟ ವರ್ಷದ ಫ್ಯಾಸಿಸಂ ಪಾಠ

ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಹತ್ತನೇ ತರಗತಿಗೆ ಫ್ಯಾಸಿಸಂ ಪಾಠ ಮಾಡುವಾಗ ಪ್ರತಿ ವರ್ಷವೂ ಒಂದೇ ಮಾತು ಹೇಳುತ್ತಿದ್ದೆ: ಸುಳ್ಳು ಕೇಳಿ ಕೇಳಿ ಜನ ಮೋಸಹೋದರು, ನಿಜ ಗೊತ್ತಿದ್ದರೆ ಯಾರೂ ಕೈಯೆತ್ತುತ್ತಿರಲಿಲ್ಲ. ಆ ವರ್ಷ ಪರೀಕ್ಷೆಯಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಬರೆದವಳು ಮುಂದಿನ ಬೆಂಚಿನ ಒಬ್ಬ ಹುಡುಗಿ, ಊರಿನ ದೊಡ್ಡ ಹೊಗೆಸೊಪ್ಪು ಬೆಳೆಗಾರನ ಮಗಳು.

ಸೊಪ್ಪು ಹದ ಮಾಡುವ ಕಾಲಕ್ಕೆ, ಒಲೆಯ ಪೈಪುಗಳ ಕಾವಿನಲ್ಲಿ ಅದನ್ನು ಒಣಗಿಸುವ ಅವರ ಬ್ಯಾರನ್ ಮನೆ ಹೊತ್ತಿ ಉರಿದುಹೋಯಿತು. ಒಲೆ ನೋಡಿಕೊಳ್ಳುತ್ತಿದ್ದವನು ಕಾಡಂಚಿನ ಆದಿವಾಸಿ ಹಾಡಿಯಿಂದ ಕೂಲಿಗೆ ಬಂದವನು. ಅವನೇ ಬೆಂಕಿ ಇಟ್ಟ ಎಂದು ಮಧ್ಯಾಹ್ನದೊಳಗೆ ಊರೆಲ್ಲ ಮಾತು.

ಗಲಾಟೆ ಕೇಳಿ ಓಡಿದೆ. ಅವನನ್ನು ಸುಟ್ಟ ಗೋಡೆಗೆ ಒತ್ತಿ, ಸೊಪ್ಪು ಕಟ್ಟುವ ಕಡ್ಡಿಗಳಲ್ಲೇ ಬಡಿಯುತ್ತಿದ್ದರು. ತಲೆ ಒಡೆದು ರಕ್ತ ಕಣ್ಣಿಗಿಳಿದಿತ್ತು. ಅಡ್ಡ ಹಿಡಿದ ಮುಂಗೈ ಮುರಿದು ಜೋತುಬಿದ್ದಿತ್ತು. ಹೊಡೆಯುವವರಲ್ಲಿ ನನ್ನ ತರಗತಿಯ ಹುಡುಗರೂ ಇದ್ದರು, ಯೂನಿಫಾರಂನಲ್ಲೇ. ಅವನ ಮೇಲೆ ಕವುಚಿಕೊಂಡೆ. ಪಕ್ಕಕ್ಕೆ ಸರೀರಿ ಮೇಷ್ಟ್ರೇ ಎಂದು ಯಾರೋ ಮರ್ಯಾದೆಯಿಂದಲೇ ಹೇಳಿದರು. ಮರುಕ್ಷಣ ನನ್ನ ಭುಜಕ್ಕೂ ಬಿತ್ತು.

ಆಗ ಆ ಹುಡುಗಿ ಜನರ ನಡುವೆ ನುಗ್ಗಿ ಬಂದಳು.

"ಒಡೀಬ್ಯಾಡಿ ಕಣಪ್ಪ. ಸೊಪ್ಪು ಕಟ್ಟಿದ್ದು ನಾನು. ಸಡ್ಲ ಕಟ್ಬುಟ್ಟಿದ್ದೆ. ಉದುರಿ ಕಾದ ಪೈಪ್ ಮ್ಯಾಲೆ ಬಿದ್ದು ಅತ್ಕಂಡದೆ."

ಅಪ್ಪ ಅವಳ ಬಾಯಿಗೇ ಬಾರಿಸಿದ. ಅವಳು ಬೂದಿಯಲ್ಲಿ ಬಿದ್ದಳು. ಕಡ್ಡಿಗಳು ಮತ್ತೆ ಎದ್ದವು, ಪೊಲೀಸ್ ಜೀಪು ಬರುವವರೆಗೂ ಇಳಿಯಲಿಲ್ಲ. ಆ ಮನುಷ್ಯ ಬದುಕಿಕೊಂಡ. ಆ ಕೈ ಮಾತ್ರ ಇವತ್ತಿಗೂ ನೆಟ್ಟಗಾಗಿಲ್ಲ.

ಮುಂದಿನ ವಾರ ಊದಿದ ತುಟಿಯಲ್ಲೇ ಹುಡುಗಿ ತರಗತಿಗೆ ಬಂದಳು. ನನಗಿನ್ನೂ ಮೈಯೆಲ್ಲ ಸಿಟ್ಟು. ಪುಸ್ತಕ ತೆರೆದು ಅದೇ ಪಾಠ ಮತ್ತೆ ಹಿಡಿದೆ. ರೂಢಿಯ ಬಾಯಿ ನೋಡಿ, ಅದೇ ಮಾತು ಹೊರಬಂತು: ಪಾಪ, ಆ ಜನಕ್ಕೆ ನಿಜ ಗೊತ್ತಿರಲಿಲ್ಲ.

ಅವಳು ಎದ್ದು ನಿಂತಳು.

"ಗೊತ್ತಿತ್ತು ಸಾರ್. ಅವತ್ತು ಬಂದಿದ್ದವ್ರ ಎಲ್ಲಾರ ಮನೇಲೂ ಬ್ಯಾರನ್ ಅವೆ. ಸೊಪ್ಪು ಉದುರುದ್ರೆ ಏನಾಯ್ತದೆ ಅಂತ ಎಲ್ಲಾರ್ಗೂ ಗೊತ್ತು. ಗೊತ್ತಿದ್ದೇ ಒಡುದ್ರು."

ನಾನು ಹಿಂದಿನ ಬೆಂಚುಗಳ ಕಡೆ ನೋಡಿದೆ. ಅವತ್ತು ಕಡ್ಡಿ ಹಿಡಿದಿದ್ದ ಹುಡುಗರೆಲ್ಲ ಅಲ್ಲೇ ಕೂತಿದ್ದರು. ಒಬ್ಬನೂ ಇಲ್ಲ ಅನ್ನಲಿಲ್ಲ.